ಕಣ್ಣಿನ ಪುಟ, ಕಿವಿಯ ಪುಟ: ಪರದೆ ವಾಚಕಗಳ ವಿನ್ಯಾಸವನ್ನು ಕುರಿತು

(ಶತಮಾನೋತ್ಸವದ ಅಂಗವಾಗಿ ಜರಗಿದ ವಿಚಾರಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿಗಳ ಪರವಾಗಿ ನೀಡಿದ ಉಪನ್ಯಾಸದ ಲಿಖಿತರೂಪ)



ಈ ಶಾಲೆ ಆರಂಭವಾದಾಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಿಂದ ನಾವು ಕೇರಳದವರಾದೆವು. ಆಡಳಿತದ ಭಾಷೆ ಬದಲಾಯಿತು. ಈ ತರಗತಿಗಳ ಭಾಷೆ ಬದಲಾಗಲಿಲ್ಲ. ಮಗುವಿಗೆ ತನ್ನ ಭಾಷೆಯಲ್ಲಿ ಓದುವ ಹಕ್ಕಿದೆ ಎಂಬ ಒಂದೇ ಮಾತಿನ ಮೇಲೆ ಈ ಕಟ್ಟಡ ನೂರು ವರ್ಷ ನಿಂತಿದೆ. ಆ ಮಾತು ಕಣ್ಣು ಕಾಣುವ ಮಗುವಿಗೆ ಎಷ್ಟು ನಿಜವೋ ಕಣ್ಣು ಕಾಣದ ಮಗುವಿಗೂ ಅಷ್ಟೇ ನಿಜವಾಗಬೇಕಾದರೆ ಏನು ಬೇಕು ಎಂಬುದು ನಮ್ಮ ಇಂದಿನ ವಿಷಯ. ಅದಕ್ಕಾಗಿ ದೃಷ್ಟಿಯಿಲ್ಲದವರು ಕಂಪ್ಯೂಟರ್ ಬಳಸಲು ನೆರವಾಗುವ ಸ್ಕ್ರೀನ್ ರೀಡರ್, ಅಂದರೆ ಪರದೆ ವಾಚಕ ಎಂಬ ತಂತ್ರಾಂಶವನ್ನು ರೂಪಿಸಿದವರು ಹಿಡಿದ ಬೇರೆ ಬೇರೆ ದಾರಿಗಳನ್ನು ಹೋಲಿಸಿ ನೋಡೋಣ. ಹೋಲಿಕೆಯ ಕೊನೆಗೆ ಕನ್ನಡದ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ.

ಮೊದಲಿಗೆ ಒಂದು ಮೂಲಭೂತ ವ್ಯತ್ಯಾಸವನ್ನು ಗಮನಿಸಬೇಕು. ಪುಟವೊಂದನ್ನು ತೆರೆದೊಡನೆ ಕಣ್ಣು ಅದನ್ನು ಇಡಿಯಾಗಿ ಕಾಣುತ್ತದೆ. ತಲೆಬರಹ ಯಾವುದು, ಚಿತ್ರ ಎಲ್ಲಿದೆ, ಕೋಷ್ಟಕ ಎಷ್ಟು ದೊಡ್ಡದು ಎಂಬುದು ಒಂದಕ್ಷರ ಓದುವ ಮೊದಲೇ ತಿಳಿಯುತ್ತದೆ. ಕಿವಿಗೆ ಈ ಸೌಕರ್ಯವಿಲ್ಲ. ಅದು ಒಂದರ ಬಳಿಕ ಒಂದನ್ನು ಕೇಳಬೇಕು. ಕೇಳಿದ್ದನ್ನು ನೆನಪಿನಲ್ಲಿಟ್ಟು ಮುಂದಕ್ಕೆ ಹೋಗಬೇಕು. ಹಾಗಾದರೆ ಮೊದಲು ಏನನ್ನು ಹೇಳಬೇಕು? ಯಾವುದನ್ನು ಬಿಡಬೇಕು? ಕೇಳುಗನು ತನಗೆ ಬೇಕಾದಲ್ಲಿಗೆ ನೇರವಾಗಿ ಹೋಗುವುದು ಹೇಗೆ? ಪರದೆ ವಾಚಕದ ವಿನ್ಯಾಸವೆಂದರೆ ಈ ಮೂರು ಪ್ರಶ್ನೆಗಳಿಗೆ ಕೊಡುವ ಉತ್ತರ. ಧ್ವನಿ ಇಂಪಾಗಿದೆಯೇ ಎಂಬುದು ಆಮೇಲಿನ ಮಾತು. ಏಕೆಂದರೆ ಮಾತನಾಡುವ ಧ್ವನಿ ಬೇರೆ ತಂತ್ರಾಂಶ. ಏನನ್ನು ಮಾತನಾಡಬೇಕೆಂದು ನಿರ್ಧರಿಸುವ ವಾಚಕ ಬೇರೆ ತಂತ್ರಾಂಶ.

ಮೊದಲನೆಯ ದಾರಿ ಪರದೆಯನ್ನೇ ಓದುವುದು. 1980ರ ದಶಕದ ಡಾಸ್ ಕಂಪ್ಯೂಟರುಗಳ ಪರದೆಯಲ್ಲಿ ಸಾಮಾನ್ಯವಾಗಿ 25 ಸಾಲು, ಸಾಲಿಗೆ 80 ಅಕ್ಷರದ ಮನೆಗಳಿದ್ದವು. ಒಟ್ಟು 2000 ಮನೆಗಳು. ಯಾವ ಮನೆಯಲ್ಲಿ ಯಾವ ಅಕ್ಷರವಿದೆ ಎಂಬುದು ಯಂತ್ರದ ನೆನಪಿನಲ್ಲಿ ಅಕ್ಷರವಾಗಿಯೇ ಇರುತ್ತಿತ್ತು. ವಾಚಕವು ಅದನ್ನು ಎತ್ತಿ ಧ್ವನಿಗೆ ಒಪ್ಪಿಸಿದರೆ ಸಾಕಿತ್ತು. ಐಬಿಎಂ ಸಂಸ್ಥೆಯ ಜಿಮ್ ಥ್ಯಾಚರ್ ಆ ಕಾಲದಲ್ಲಿ ಇಂತಹ ವಾಚಕವನ್ನು ರೂಪಿಸಿದರು. ಮೋಟಾರ್‌ಸೈಕಲ್ ಪಂದ್ಯಗಳ ಸವಾರರಾಗಿದ್ದು, 1978ರಲ್ಲಿ ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಟೆಡ್ ಹೆಂಟರ್ ಅಮೆರಿಕದಲ್ಲಿ ಜಾಸ್ ಎಂಬ ವಾಚಕವನ್ನು ಸಿದ್ಧಪಡಿಸಿದರು. ಅದರ ಡಾಸ್ ಆವೃತ್ತಿ 1989ರಲ್ಲಿ ಬಂದಿತು.

ಬಳಿಕ ಕಿಟಕಿಗಳೂ ಚಿತ್ರಗಳೂ ಮೌಸೂ ಇರುವ ಪರದೆ ಬಂದಿತು. ನೋಡುವವರಿಗೆ ಅದು ದೊಡ್ಡ ಅನುಕೂಲ. ಕೇಳುವವರಿಗೆ ದೊಡ್ಡ ಸಂಕಟ. ಇಲ್ಲಿ ಪರದೆಯಲ್ಲಿ ಅಕ್ಷರವೆಂಬುದೇ ಇಲ್ಲ, ಬಣ್ಣದ ಚುಕ್ಕೆಗಳಷ್ಟೇ ಇವೆ. ಆಗ ವಿನ್ಯಾಸಕಾರರು ಒಂದು ಉಪಾಯ ಹೂಡಿದರು. ಒಂದು ತಂತ್ರಾಂಶವು ‘ಇಲ್ಲಿ ಈ ಅಕ್ಷರ ಬರೆ, ಅಲ್ಲಿ ಆ ಚೌಕ ಎಳೆ’ ಎಂದು ಯಂತ್ರಕ್ಕೆ ಕೊಡುವ ಆಜ್ಞೆಗಳನ್ನು ವಾಚಕವು ನಡುದಾರಿಯಲ್ಲಿ ಕೇಳಿಸಿಕೊಂಡು, ಪರದೆಯ ಹಿಂದೆ ತನ್ನದೇ ಆದ ಒಂದು ನಕ್ಷೆಯನ್ನು ಕಟ್ಟಿಕೊಳ್ಳುತ್ತಿತ್ತು. ಬರ್ಕ್ಲಿ ಸಿಸ್ಟಮ್ಸ್ ಸಂಸ್ಥೆಯು 1989ರಲ್ಲಿ ಮ್ಯಾಕಿಂಟಾಷ್‌ಗಾಗಿ ಹೊರತಂದ ಔಟ್‌ಸ್ಪೋಕನ್ ಈ ಬಗೆಯ ಮೊದಲಿಗ. 1995ರಲ್ಲಿ ಬಂದ ವಿಂಡೋಸ್ ಜಾಸ್ ಕೂಡ ಇದೇ ಜಾಡಿನಲ್ಲಿ ಸಾಗಿತು.

ಈ ದಾರಿಯ ಗುಣವೆಂದರೆ ತಂತ್ರಾಂಶ ಮಾಡಿದವನು ಅಂಧರನ್ನು ನೆನೆಯದಿದ್ದರೂ ವಾಚಕ ಹೇಗೋ ದಾರಿ ಮಾಡಿಕೊಳ್ಳುತ್ತದೆ. ದೋಷವೆಂದರೆ ಅದು ಊಹೆಯ ಕೆಲಸ. ಒಂದು ಚೌಕದೊಳಗೆ ‘ಸರಿ’ ಎಂದು ಬರೆದಿದ್ದರೆ ಅದು ಒತ್ತಬೇಕಾದ ಗುಂಡಿಯೋ ಬರಿಯ ಬರಹವೋ ಎಂದು ಚೌಕದ ಗೆರೆಗಳಿಂದಲೇ ತರ್ಕಿಸಬೇಕು. ಊಹೆ ತಪ್ಪುವಲ್ಲಿ ತಿದ್ದಲು ಜಾಸ್‌ನವರು ಪ್ರತಿಯೊಂದು ತಂತ್ರಾಂಶಕ್ಕೂ ಬೇರೆ ಬೇರೆ ಸೂಚನಾಪಟ್ಟಿಗಳನ್ನು ಬರೆಯುವ ವ್ಯವಸ್ಥೆ ಮಾಡಿದರು. ಇಂತಹ ಪಟ್ಟಿಗಳ ಬಲದಿಂದ ಅನೇಕ ಅಂಧ ಉದ್ಯೋಗಿಗಳು ಕಚೇರಿಗಳಲ್ಲಿ ಸಮರ್ಥವಾಗಿ ದುಡಿದಿದ್ದಾರೆ. ಆದರೆ ತಂತ್ರಾಂಶ ಹೊಸ ರೂಪ ತಳೆದಾಗಲೆಲ್ಲ ಪಟ್ಟಿಯನ್ನೂ ಹೊಸದಾಗಿ ಬರೆಯಬೇಕು.

ಎರಡನೆಯ ದಾರಿ ಪರದೆಯನ್ನು ಊಹಿಸುವುದನ್ನು ಬಿಟ್ಟು ತಂತ್ರಾಂಶವನ್ನೇ ಕೇಳುವುದು. ‘ಈಗ ಬಳಕೆದಾರನ ಮುಂದಿರುವುದೇನು?’ ಎಂದು ವಾಚಕ ಕೇಳುತ್ತದೆ, ‘ಹೆಸರು: ಉಳಿಸು. ಬಗೆ: ಗುಂಡಿ. ಸ್ಥಿತಿ: ಈಗ ಒತ್ತಲು ಬರುವುದಿಲ್ಲ’ ಎಂದು ತಂತ್ರಾಂಶ ಉತ್ತರಿಸುತ್ತದೆ. ಈ ಪ್ರಶ್ನೋತ್ತರಕ್ಕೆ ಒಂದು ಗೊತ್ತಾದ ಒಪ್ಪಂದ ಬೇಕು. ಮೈಕ್ರೋಸಾಫ್ಟ್ ಸಂಸ್ಥೆ 1997ರಲ್ಲಿ ಆಕ್ಟಿವ್ ಆಕ್ಸೆಸಿಬಿಲಿಟಿ ಎಂಬ ಹೆಸರಿನಲ್ಲಿ ಅಂತಹ ಒಪ್ಪಂದವನ್ನು ಮುಂದಿಟ್ಟಿತು. ಆಮೇಲೆ ಅದಕ್ಕಿಂತ ವಿಸ್ತಾರವಾದವುಗಳೂ ಬಂದವು. ಲಿನಕ್ಸ್ ಲೋಕದಲ್ಲಿಯೂ ಅದರದೇ ಒಪ್ಪಂದವಿದೆ. ಅದರ ಮೇಲೆ ನಿಂತಿರುವ ವಾಚಕದ ಹೆಸರು ಓರ್ಕಾ. ಇಂಗ್ಲಿಷಿನಲ್ಲಿ ಜಾಸ್ ಎಂದೊಡನೆ ಶಾರ್ಕ್ ಮೀನಿನ ಸಿನಿಮಾ ನೆನಪಾಗುವುದುಂಟು. ಓರ್ಕಾ ಎಂಬುದೂ ಒಂದು ಕಡಲ ಪ್ರಾಣಿಯ ಹೆಸರೇ.

ಈ ದಾರಿಯನ್ನು ಜಗತ್ತಿನ ಬಡ ವಿದ್ಯಾರ್ಥಿಗಳ ತನಕ ಕೊಂಡೊಯ್ದುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಇದನ್ನು ಬರೆಯತೊಡಗಿದರು. ಜೇಮ್ಸ್ ಟೇ ಜೊತೆಗೂಡಿದರು. ಇಬ್ಬರೂ ಅಂಧರು. ಬಾಲ್ಯದಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಪರಿಚಯವಾದವರು. ಅವರ ವಾಚಕವನ್ನು ಯಾರೂ ಹಣ ಕೊಡದೆ ಪಡೆಯಬಹುದು, ಅದರ ಒಳಗಿನ ಬರವಣಿಗೆಯನ್ನು ಓದಬಹುದು, ತಿದ್ದಬಹುದು. ಬೆಲೆ ತೆತ್ತು ಕೊಳ್ಳಬೇಕಾದ ವಾಚಕ ಮಾತ್ರವಿದ್ದಾಗ ಕಂಪ್ಯೂಟರಿಗಿಂತ ಅದನ್ನು ಮಾತನಾಡಿಸುವ ತಂತ್ರಾಂಶವೇ ದುಬಾರಿಯಾಗುವುದಿತ್ತು. ಹಣದ ಪ್ರಶ್ನೆಯೂ ವಿನ್ಯಾಸದ ಪ್ರಶ್ನೆಯೇ ಎಂದು ನಾವು ಭಾವಿಸುತ್ತೇವೆ. ಒಳಗಿನ ಬರವಣಿಗೆ ತೆರೆದಿರುವಲ್ಲಿ ದೊಡ್ಡ ಮಾರುಕಟ್ಟೆಯಿಲ್ಲದ ಭಾಷೆಯವರೂ ತಮ್ಮ ಭಾಷೆಯನ್ನು ಸೇರಿಸಬಹುದು. ಎನ್‌ವಿಡಿಎ ಜೊತೆಗೆ ಬರುವ ಈಸ್ಪೀಕ್ ಎಂಬ ಧ್ವನಿಗೆ ಕನ್ನಡ ಬರುತ್ತದೆ. ಆ ಧ್ವನಿಯಲ್ಲಿ ಲೋಹದ ಸದ್ದಿದೆ, ನಿಜ. ಆದರೆ ಅದು ಚಿಕ್ಕದು, ಹಳೆಯ ಯಂತ್ರದಲ್ಲಿಯೂ ಓಡುತ್ತದೆ, ವೇಗವಾಗಿ ಓದಿಸಿದರೂ ತೊದಲುವುದಿಲ್ಲ. ಪಳಗಿದ ಕಿವಿಗೆ ಇಂಪಿಗಿಂತ ಈ ವೇಗವೇ ಹೆಚ್ಚು ಬೇಕಾಗುತ್ತದೆ.

ಕೇಳುವ ದಾರಿಗೂ ಒಂದು ಷರತ್ತಿದೆ. ತಂತ್ರಾಂಶವನ್ನೋ ಜಾಲಪುಟವನ್ನೋ ಮಾಡಿದವನು ಉತ್ತರವನ್ನು ಮೊದಲೇ ಬರೆದಿಟ್ಟಿರಬೇಕು. ಅಂಕಪಟ್ಟಿಯೊಂದನ್ನು ನೆನೆದುಕೊಳ್ಳಿ. ಯಾವ ಸಾಲು ವಿದ್ಯಾರ್ಥಿಯ ಹೆಸರಿನದು, ಯಾವ ಕಂಬಸಾಲು ವಿಷಯದ್ದು ಎಂದು ಗುರುತಿಸಿಟ್ಟಿದ್ದರೆ, ಮನೆಯಿಂದ ಮನೆಗೆ ಹೋಗುವಾಗ ವಾಚಕವು ‘ವಿಜ್ಞಾನ, 72’ ಎಂದು ಹೇಳಬಲ್ಲದು. ಗುರುತಿಲ್ಲದಿದ್ದರೆ ‘72, 65, 81’ ಎಂದು ಅಂಕಿಗಳ ಮಳೆ ಸುರಿಯುತ್ತದೆ. ಚಿತ್ರಕ್ಕೆ ವಿವರಣೆ ಬರೆಯದಿದ್ದರೆ ‘ಚಿತ್ರ’ ಎಂದಷ್ಟೇ ಕೇಳಿಸುತ್ತದೆ. ಅಂದರೆ ಈ ದಾರಿಯಲ್ಲಿ ಹೊಣೆಯು ವಾಚಕದ ಹೆಗಲಿನಿಂದ ಬರೆಯುವವರ ಹೆಗಲಿಗೆ ಬರುತ್ತದೆ. ಬರೆಯುವವರಲ್ಲಿ ನಾವೂ ಇದ್ದೇವೆ, ಈ ಶಾಲೆಯೂ ಇದೆ.

ಒಂದೇ ದಾರಿಯನ್ನು ಹಿಡಿದವರಲ್ಲಿಯೂ ನಡೆಯುವ ಬಗೆ ಬೇರೆಯಾಗಬಹುದು. ಜಾಸ್ ಮತ್ತು ಎನ್‌ವಿಡಿಎ ಒಂದು ಜಾಲಪುಟವನ್ನು ಉದ್ದನೆಯ ಒಂದೇ ಬರಹವಾಗಿ ಹಾಸಿಕೊಡುತ್ತವೆ. ಬಾಣದ ಕೀಲಿಯಿಂದ ಸಾಲುಸಾಲಾಗಿ ಓದಬಹುದು. ಎಚ್ ಕೀಲಿ ಒತ್ತಿದರೆ ಮುಂದಿನ ತಲೆಬರಹಕ್ಕೆ, ಟಿ ಒತ್ತಿದರೆ ಮುಂದಿನ ಕೋಷ್ಟಕಕ್ಕೆ ಹಾರಬಹುದು. ಆಪಲ್ ಸಂಸ್ಥೆ 2005ರಲ್ಲಿ ತನ್ನ ಮ್ಯಾಕ್ ವ್ಯವಸ್ಥೆಯೊಳಗೇ ಸೇರಿಸಿದ ವಾಯ್ಸ್‌ಓವರ್ ಇದನ್ನು ಬೇರೆಯಾಗಿ ಕಂಡಿತು. ಅದರ ಪ್ರಕಾರ ಪರದೆಯೆಂದರೆ ಮನೆಯೊಳಗೆ ಕೋಣೆ, ಕೋಣೆಯೊಳಗೆ ಪೆಟ್ಟಿಗೆ ಇದ್ದ ಹಾಗೆ. ಹೊರಗಿನಿಂದ ‘ಇಲ್ಲೊಂದು ಪಟ್ಟಿಯಿದೆ’ ಎಂದು ಕೇಳಿ, ಬೇಕಾದರೆ ಒಳಹೊಕ್ಕು, ಕೆಲಸ ಮುಗಿದ ಮೇಲೆ ಹೊರಬರಬೇಕು. ಮೊದಲನೆಯ ಬಗೆಯಲ್ಲಿ ಓದು ಸರಾಗ, ಆದರೆ ಯಾವುದು ಯಾವುದರ ಒಳಗಿದೆ ಎಂಬುದು ಮಸುಕು. ಎರಡನೆಯದರಲ್ಲಿ ರಚನೆ ಸ್ಪಷ್ಟ, ಆದರೆ ಹೊಕ್ಕು ಹೊರಡುವುದರಲ್ಲಿ ಸಮಯ ಸವೆಯುತ್ತದೆ. ದೀರ್ಘ ಪಾಠ ಓದುವವರಿಗೆ ಹಾಸಿದ ಪುಟವೂ, ಅನೇಕ ವಿಭಾಗಗಳಿರುವ ತಂತ್ರಾಂಶದಲ್ಲಿ ದುಡಿಯುವವರಿಗೆ ಕೋಣೆಗಳ ಕ್ರಮವೂ ಹಿತವೆನಿಸುವುದು ಸಹಜ.

2009ರಲ್ಲಿ ಐಫೋನ್ 3ಜಿಎಸ್‌ನೊಂದಿಗೆ ವಾಯ್ಸ್‌ಓವರ್ ಫೋನಿಗೂ ಬಂದಾಗ ಇನ್ನೊಂದು ಬದಲಾವಣೆಯಾಯಿತು. ನುಣುಪಾದ ಗಾಜಿನ ಮೇಲೆ ಗುಂಡಿಗಳೇ ಇಲ್ಲದ ಫೋನನ್ನು ಅಂಧರು ಬಳಸುವುದೆಂತು ಎಂಬ ಸಂಶಯ ಸಹಜವಾಗಿತ್ತು. ಉತ್ತರ ಸರಳವಾಗಿತ್ತು. ಬೆರಳಿಟ್ಟಲ್ಲಿ ಏನಿದೆಯೆಂದು ಫೋನ್ ಹೇಳುತ್ತದೆ, ಆದರೆ ಏನನ್ನೂ ಮಾಡುವುದಿಲ್ಲ. ಎರಡು ಬಾರಿ ತಟ್ಟಿದರೆ ಮಾತ್ರ ಆ ಕೆಲಸ ನಡೆಯುತ್ತದೆ. ಕೀಲಿಮಣೆಯ ವಾಚಕಗಳು ಕೊಡಲಾರದ ಒಂದು ಅರಿವು, ಅಂದರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಸ್ಥಳದ ಅರಿವು, ಇದರಿಂದ ಬೆರಳಿಗೆ ದಕ್ಕಿತು. ಆಂಡ್ರಾಯ್ಡ್ ಫೋನುಗಳ ಟಾಕ್‌ಬ್ಯಾಕ್ ಇಂದು ಇದೇ ಕ್ರಮದಲ್ಲಿ ನಡೆಯುತ್ತದೆ.

ಮೂರನೆಯ ದಾರಿ ಎಲ್ಲಕ್ಕಿಂತ ಭಿನ್ನವಾದುದು. ಅದನ್ನು ತೋರಿಸಿದವರು ಪುಣೆಯಲ್ಲಿ ಹುಟ್ಟಿ, ಗ್ಲಾಕೋಮಾದಿಂದ 14ನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು, ಮುಂಬಯಿಯ ಐಐಟಿಯಲ್ಲಿಯೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿಯೂ ಓದಿದ ಟಿ. ವಿ. ರಾಮನ್. ಗಣಿತದ ಬರಹವನ್ನು ಅರ್ಥವಾಗುವಂತೆ ಧ್ವನಿಗೆ ತರುವುದು 1994ರ ಅವರ ಡಾಕ್ಟರೇಟ್ ಸಂಶೋಧನೆಯ ವಿಷಯ. 1995ರಲ್ಲಿ ಅವರು ಈಮ್ಯಾಕ್‌ಸ್ಪೀಕ್ ಎಂಬುದನ್ನು ಹೊರತಂದರು. ಅವರ ವಾದ ಇಷ್ಟು: ಪರದೆಯೆಂಬುದು ಕಣ್ಣಿಗಾಗಿ ಮಾಡಿದ ಒಂದು ರೂಪ ಮಾತ್ರ. ಆ ರೂಪವನ್ನು ಮತ್ತೆ ಬಿಡಿಸಿ ಕಿವಿಗೆ ಹೇಳುವುದಕ್ಕಿಂತ, ಒಳಗಿನ ವಿಷಯದಿಂದಲೇ ಕಿವಿಗಾಗಿ ಇನ್ನೊಂದು ರೂಪವನ್ನು ನೇರವಾಗಿ ಏಕೆ ಮಾಡಬಾರದು? ಈಮ್ಯಾಕ್‌ಸ್ಪೀಕ್‌ನಲ್ಲಿ ಪ್ರೋಗ್ರಾಮಿನ ಟಿಪ್ಪಣಿಗೆ ಒಂದು ಧ್ವನಿ, ಆಜ್ಞೆಗೆ ಇನ್ನೊಂದು ಧ್ವನಿ. ಕಡತ ತೆರೆದಾಗ, ಮುಚ್ಚಿದಾಗ ಪುಟ್ಟ ಪುಟ್ಟ ಸದ್ದುಗಳು. ಕಣ್ಣಿಗೆ ಬಣ್ಣಗಳು ಮಾಡುವ ಕೆಲಸವನ್ನು ಕಿವಿಗೆ ಧ್ವನಿಯ ಛಾಯೆಗಳು ಮಾಡುತ್ತವೆ. ಇದರ ಮಿತಿ ಸ್ಪಷ್ಟ: ಈಮ್ಯಾಕ್ಸ್ ಎಂಬ ಒಂದು ತಂತ್ರಾಂಶದ ಆವರಣದೊಳಗೇ ಇದು ನಡೆಯುತ್ತದೆ. ಬ್ಯಾಂಕಿನವರೋ ಸರಕಾರದವರೋ ಕೊಟ್ಟ ತಂತ್ರಾಂಶಕ್ಕೆ ಈ ಸೊಗಸು ತಲುಪುವುದಿಲ್ಲ. ಆದರೆ ಕೇಳುಗನು ನೋಡುಗನ ಉಚ್ಛಿಷ್ಟವನ್ನು ಉಣ್ಣಬೇಕಾಗಿಲ್ಲ, ಅವನಿಗೆ ಬೇರೆ ಎಲೆ ಹಾಕಬಹುದು ಎಂಬ ತತ್ತ್ವವನ್ನು ಅದು ಸ್ಥಾಪಿಸಿತು.

ಈ ಮೂರರಲ್ಲಿ ಯಾವುದು ಮೇಲು? ನಮ್ಮ ಮಕ್ಕಳ ಸ್ಥಿತಿಯನ್ನು ನೋಡಿದರೆ ಒಂದನ್ನು ಆರಿಸಿ ಉಳಿದುದನ್ನು ಬಿಡುವ ಸ್ವಾತಂತ್ರ್ಯ ಅವರಿಗಿಲ್ಲ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಮೂಲಕ ಬರುವ ಕಂಪ್ಯೂಟರ್ ವ್ಯವಸ್ಥೆ ಉಬುಂಟು ಆಧಾರಿತವಾದುದು. ಉಬುಂಟುವಿನ ವಾಚಕ ಓರ್ಕಾ. ಮನೆಯಲ್ಲಿ ಕೈಗೆ ಸಿಗುವುದು ಆಂಡ್ರಾಯ್ಡ್ ಫೋನು ಮತ್ತು ಟಾಕ್‌ಬ್ಯಾಕ್. ಮುಂದೆ ಉದ್ಯೋಗಕ್ಕೆ ಹೋದಲ್ಲಿ ವಿಂಡೋಸ್, ಎನ್‌ವಿಡಿಎ ಅಥವಾ ಜಾಸ್. ಒಬ್ಬ ವಿದ್ಯಾರ್ಥಿ ಮೂರು ಬಗೆಯ ವಾಚಕಗಳೊಡನೆ ಬಾಳಬೇಕು. ಆದುದರಿಂದ ಒಂದೊಂದರ ಕೀಲಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಎಲ್ಲದರ ಹಿಂದಿರುವ ತಲೆಬರಹ, ಪಟ್ಟಿ, ಕೋಷ್ಟಕ, ಗುಂಡಿ ಎಂಬ ರಚನೆಯನ್ನು ಕಲಿಸುವುದು ಮೇಲು. ರಚನೆ ತಿಳಿದವನಿಗೆ ಕೀಲಿ ಬದಲಾದರೂ ದಾರಿ ತಪ್ಪುವುದಿಲ್ಲ.

ಈಗ ಕನ್ನಡದ ಮಾತು. ‘ಸೂರ್ಯ’ ಎಂಬ ಪದವನ್ನು ತೆಗೆದುಕೊಳ್ಳಿ. ನುಡಿಯುವಾಗ ರಕಾರ ಮೊದಲು, ಯಕಾರ ಬಳಿಕ. ಆದರೆ ಕಣ್ಣಿಗೆ ಯಕಾರ ಮೊದಲು ಕಾಣುತ್ತದೆ, ಅರ್ಕಾವತ್ತು ಅದರ ಬಲಕ್ಕೆ ಕುಳಿತಿರುತ್ತದೆ. ಪರದೆಯ ಮೇಲೆ ಬರೆದ ರೂಪವನ್ನೇ ಹಿಡಿದು ಓದಹೊರಟ ವಾಚಕ ಇಲ್ಲಿ ಎಡವಲೇಬೇಕು. ಯೂನಿಕೋಡ್ ಕ್ರಮದಲ್ಲಿ ಪದವು ನುಡಿಯುವ ಅನುಕ್ರಮದಲ್ಲಿಯೇ, ರ ಆಮೇಲೆ ಯ ಎಂದು, ದಾಖಲಾಗುತ್ತದೆ. ಕೇಳುವ ದಾರಿಯ ವಾಚಕಕ್ಕೆ ಸಿಗುವುದು ಇದೇ ಅನುಕ್ರಮ. ಕನ್ನಡದ ಮಟ್ಟಿಗೆ ಎರಡನೆಯ ದಾರಿ ಅನಿವಾರ್ಯವಾಗುವುದು ಈ ಕಾರಣದಿಂದ.

ಯೂನಿಕೋಡಿಗೆ ಮೊದಲಿನ ಕನ್ನಡ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಬರಹಗಳದು ಇನ್ನೂ ಕಷ್ಟ. ಅಲ್ಲಿ ಯಂತ್ರದೊಳಗೆ ಕನ್ನಡವೇ ಇಲ್ಲ. ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ವೇಷ ತೊಡಿಸಲಾಗಿದೆ. ಕಣ್ಣಿಗೆ ಸುಂದರವಾದ ಕನ್ನಡ; ವಾಚಕಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಯೂನಿಕೋಡಿನ ಆಯ್ಕೆಯಿದೆ. ಬಳಸುವ ಮನಸ್ಸು ಬೇಕು. ಪುಟವನ್ನು ಛಾಯಾಚಿತ್ರವಾಗಿ ತೆಗೆದಿಟ್ಟ ಪಿಡಿಎಫ್ ಕೂಡ ಹಾಗೆಯೇ: ಅದನ್ನು ಅಕ್ಷರ ಗುರುತಿಸುವ ತಂತ್ರಾಂಶದಿಂದ ಬರಹವಾಗಿಸಿ, ಕರಡು ತಿದ್ದದ ಹೊರತು ಅದು ಮೂಕ.

ನಮ್ಮ ನೆಲದ ಬಹುಭಾಷೆಯೂ ವಾಚಕಕ್ಕೆ ಒಂದು ಪರೀಕ್ಷೆ. ಕನ್ನಡ ಮತ್ತು ಮಲಯಾಳಕ್ಕೆ ಲಿಪಿ ಬೇರೆಯಾದುದರಿಂದ ಎರಡನ್ನು ಬೇರ್ಪಡಿಸಿ ತಕ್ಕ ಧ್ವನಿಗೆ ಒಪ್ಪಿಸುವುದು ಸಾಧ್ಯ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಮರಾಠಿ ಮತ್ತು ಹಿಂದಿಗೆ ಲಿಪಿ ಒಂದೇ. ಅಲ್ಲಿ ಭಾಷೆ ಯಾವುದೆಂದು ಬರೆಯುವವರೇ ಗುರುತಿಸಿಡಬೇಕು. ನಮ್ಮಲ್ಲಿ ಅದೇ ತೊಡಕು ತುಳುವಿಗೆ. ಕನ್ನಡ ಲಿಪಿಯಲ್ಲಿ ‘ಎಂಕ್’ ಎಂದು ಬರೆದುದನ್ನು ತುಳುವರು ಓದುವಾಗ ಕೊನೆಯ ಆ ಹಗುರವಾದ ಸ್ವರವನ್ನು ತಾವೇ ಸೇರಿಸಿಕೊಳ್ಳುತ್ತಾರೆ. ಕನ್ನಡದ ಧ್ವನಿಗೆ ಅದು ತಿಳಿಯದು; ಕಕಾರಕ್ಕೆ ಕತ್ತರಿಸಿದಂತೆ ನಿಲ್ಲಿಸಿಬಿಡುತ್ತದೆ.

ಕೇಳುವುದರಿಂದಲೇ ಎಲ್ಲವೂ ದಕ್ಕುತ್ತದೆ ಎಂದು ನಾವು ಹೇಳುತ್ತಿಲ್ಲ. ‘ವಿಶೇಷ’ದಲ್ಲಿ ಯಾವ ಶಕಾರ ಮೊದಲು, ಯಾವುದು ಬಳಿಕ ಎಂಬುದು ಕಿವಿಯಿಂದಲೇ ಕಲಿತವನಿಗೆ ಗೊತ್ತಾಗುವುದು ಕಷ್ಟ. ಕಾಗುಣಿತ ಬೆರಳಿಗೆ ಬರಬೇಕು. ಆದುದರಿಂದ ಬ್ರೈಲ್ ಇಂದಿಗೂ ಅಗತ್ಯ. 1951ರಲ್ಲಿ ಒಪ್ಪಿಗೆಯಾದ ಭಾರತಿ ಬ್ರೈಲ್‌ನಲ್ಲಿ ಕನ್ನಡದ ಕಕಾರಕ್ಕೂ ಮಲಯಾಳದ ಕಕಾರಕ್ಕೂ ಮರಾಠಿಯ ಕಕಾರಕ್ಕೂ ಅವೇ ಚುಕ್ಕೆಗಳು. ಗಡಿನಾಡಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಒಂದನ್ನು ಕಲಿತ ಬೆರಳು ನೆರೆಯ ಭಾಷೆಯ ಅಕ್ಷರವನ್ನೂ ಬಹುಮಟ್ಟಿಗೆ ಗುರುತಿಸುತ್ತದೆ. ನಾವು ಹೆಸರಿಸಿದ ಪ್ರಮುಖ ವಾಚಕಗಳೆಲ್ಲವೂ ಚುಕ್ಕೆಗಳು ಎದ್ದು ಇಳಿಯುವ ಬ್ರೈಲ್ ಫಲಕದೊಡನೆ ಕೆಲಸ ಮಾಡಬಲ್ಲವು. ಕಿವಿಯೂ ಬೆರಳೂ ಜೊತೆಯಾಗಿ ನಡೆಯಬೇಕು.

ಕಾನೂನು ನಮ್ಮ ಕಡೆಗಿದೆ. 2012ರ ತಿದ್ದುಪಡಿಯ ಬಳಿಕ ಭಾರತದ ಕೃತಿಸ್ವಾಮ್ಯ ಕಾಯಿದೆಯು ಅಂಗವಿಕಲರ ಓದಿಗಾಗಿ ಪುಸ್ತಕಗಳನ್ನು ಅವರಿಗೆ ನಿಲುಕುವ ರೂಪಕ್ಕೆ ತರಲು ಅವಕಾಶ ಕೊಡುತ್ತದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಬೇಕಾದುದು ಕೆಲಸ ಮಾಡುವ ಕೈಗಳು.

ಆದುದರಿಂದ ಶತಮಾನೋತ್ಸವ ಸಮಿತಿಯ ಮುಂದೆ ನಮ್ಮ ಕೆಲವು ಬಿನ್ನಹಗಳಿವೆ. ಈ ಸ್ಮರಣ ಸಂಚಿಕೆ ಅಚ್ಚಾಗುವಾಗಲೇ ಅದರ ಯೂನಿಕೋಡ್ ಬರಹವನ್ನು, ತಲೆಬರಹಗಳನ್ನು ತಲೆಬರಹಗಳೆಂದೇ ಗುರುತಿಸಿ, ಬೇರೆಯಾಗಿ ಕಾದಿರಿಸಬೇಕು. ಸಂಚಿಕೆಯ ಹಳೆಯ ಭಾವಚಿತ್ರಗಳಿಗೆ, ಯಾರು ಎಲ್ಲಿ ನಿಂತಿದ್ದಾರೆ, ಹಿಂದೆ ಯಾವ ಕಟ್ಟಡವಿದೆ ಎಂದು ಎರಡೆರಡು ಸಾಲಿನ ವಿವರಣೆ ಬರೆಯಬೇಕು. ಹೆಸರು ಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಅದಾಗಬೇಕು. ಶಾಲೆಯ ಸುತ್ತೋಲೆ, ಪ್ರಶ್ನೆಪತ್ರಿಕೆಗಳು ಇನ್ನು ಮುಂದೆ ಯೂನಿಕೋಡಿನಲ್ಲಿಯೇ ಇರಬೇಕು. ಕಂಪ್ಯೂಟರ್ ಕೋಣೆಯಲ್ಲಿ ತಿಂಗಳಿಗೊಂದು ಪೀರಿಯಡ್ ಪರದೆಯನ್ನು ಆರಿಸಿ ಓರ್ಕಾವನ್ನು ಮಾತನಾಡಿಸಬೇಕು. ಅಲ್ಟ್, ಸೂಪರ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಎಚ್ಚರಗೊಳ್ಳುತ್ತದೆ. ಕಣ್ಣಿರುವ ಮಕ್ಕಳು ತಾವು ಬರೆದ ಲೇಖನವನ್ನು ಕಿವಿಯಿಂದ ಒಮ್ಮೆ ಕೇಳಿದರೆ, ಮತ್ತೊಬ್ಬರಿಗಾಗಿ ಬರೆಯುವುದೆಂದರೇನು ಎಂದು ತಿಳಿಯುತ್ತಾರೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ನಿಧಿ ಬೇಕಾಗಿಲ್ಲ.

ಇಷ್ಟು ಮಾಡದಿದ್ದರೆ ಆಗುವುದೇನೆಂದು ಹೇಳಿ ಮುಗಿಸುತ್ತೇವೆ. ದೃಷ್ಟಿಯಿಲ್ಲದ ಮಗುವಿಗೆ ಇಂಗ್ಲಿಷಿನ ಪಾಠ ಸಲೀಸಾಗಿ ಕೇಳಿಸುತ್ತದೆ, ಕನ್ನಡದ ಪಾಠ ಮಾತ್ರ ಕೇಳಿಸುವುದಿಲ್ಲ ಎಂದಾದರೆ, ರಕ್ಷಕರು ಮಾಧ್ಯಮವನ್ನು ಬದಲಿಸುತ್ತಾರೆ, ಅವರನ್ನು ದೂರುವಂತಿಲ್ಲ. ಆ ಮಗು ಕನ್ನಡವನ್ನು ಬಿಟ್ಟಿತೆಂದು ನಾವು ಲೆಕ್ಕ ಬರೆಯುತ್ತೇವೆ. ನಿಜದಲ್ಲಿ ಕನ್ನಡವೇ ಆ ಮಗುವಿನ ಕೈ ಬಿಟ್ಟಿರುತ್ತದೆ. ಎರಡನೆಯ ಶತಮಾನದ ಹಾಜರಿ ಪುಸ್ತಕದಲ್ಲಿ ಅಂತಹ ಒಂದು ಹೆಸರೂ ಇರದಿರಲಿ ಎಂದು ಹಾರೈಸುತ್ತೇವೆ.